ಕ್ಯಾರವಾನಿನ ಡಬ್ಬಿ

ಕಂಟ್ರಾಕ್ಟರ್ ಅಪ್ಪಾಜಯ್ಯ ಹೊಸದಾಗಿ ಕ್ಯಾರವಾನ್ ಕೊಂಡರು. ಮಂಚ, ಫ್ರಿಜ್ಜು, ಗ್ಯಾಸ್ ಒಲೆ, ಕಕ್ಕಸು, ಎಲ್ಲಾ ಗಾಡಿಯೊಳಗೇ. ಹೊರಡುವಾಗಲೇ ಡ್ರೈವರಿಗೆ ಹೇಳಿದರು: “ಸ್ಟೀರಿಂಗ್ ಬಿಟ್ಟರೆ ಇನ್ನೊಂದು ಸಾಮಾನು ಮುಟ್ಟಕೂಡದು. ನಮ್ಮದು ಮಡಿಯ ಮನೆ.”

ಡ್ರೈವರು ತಲೆಯಾಡಿಸಿದ. ದಾರಿಯಲ್ಲಿ ರಾತ್ರಿ ಗಾಡಿಯ ಕೆಳಗೆ ಚಾಪೆ ಹಾಸಿಕೊಂಡು ಮಲಗಿದ.

ಮೂರನೇ ದಿನ ಬೆಳಿಗ್ಗೆ, ಕಡಲ ದಂಡೆಯಲ್ಲಿ, ಕಕ್ಕಸಿನ ಕೆಳಗೆ ಮಲ ಸೇರುವ ಡಬ್ಬಿ ತುಂಬಿ ನಾರತೊಡಗಿತು. ಡೀಸೆಲ್ಲು, ಗ್ಯಾಸು, ಇನ್ಶೂರೆನ್ಸು ಅಂತ ಷೋರೂಮಿನವರು ಖರ್ಚಿನ ಪಟ್ಟಿಯನ್ನೇನೋ ಕೊಟ್ಟಿದ್ದರು. ಈ ಡಬ್ಬಿ ಯಾರು ಹೊರಬೇಕು ಅಂತ ಅದರಲ್ಲಿ ಬರೆದಿರಲಿಲ್ಲ.

“ಏಯ್, ಇದನ್ನ ಎತ್ಕೊಂಡು ಹೋಗಿ ಆ ಸಾರ್ವಜನಿಕ ಶೌಚಾಲಯಕ್ಕೆ ಸುರಿದು ಬಾರೋ!”

“ಒಳಗಿಂದು ಮುಟ್ಟಬೇಡ ಅಂದಿದ್ರಲ್ಲ, ಬುದ್ಧೀ.”

“ಈಗ ನಾನೇ ಹೇಳ್ತಿದೀನಲ್ಲ, ಮುಟ್ಟು!”

“ಆಗಲಿ. ಮುಟ್ಟಬಹುದು ಅಂದಮೇಲೆ ಇದರಿಂದ ಶುರು ಮಾಡ್ತೀನಿ,” ಅಂತ ಡ್ರೈವರು ಒಲೆಯ ಪಕ್ಕದಲ್ಲಿದ್ದ ಅಪ್ಪಾಜಯ್ಯನವರ ಕಾಫಿ ಲೋಟಕ್ಕೆ ಕೈ ಚಾಚಿದ. “ಒಂದು ಗುಟುಕು ಕುಡಿದು, ಆಮೇಲೆ ಡಬ್ಬಿ ಎತ್ತೀನಿ.”

ಅಪ್ಪಾಜಯ್ಯ ಲೋಟ ನೋಡಿದರು. ಡಬ್ಬಿ ನೋಡಿದರು. ಕೊನೆಗೆ ಪಂಚೆ ಎತ್ತಿಕಟ್ಟಿ, ಮೂಗು ಹಿಂಡಿಕೊಂಡು, ದಂಡೆಯ ಜನವೆಲ್ಲ ನೋಡುತ್ತಿದ್ದಂತೆ ಡಬ್ಬಿಯನ್ನು ತಾವೇ ಹೊತ್ತು ನಡೆದರು.

ಗೆದ್ದ ಡ್ರೈವರಿಗೆ ನಗು ಬರಲಿಲ್ಲ.

“ನನ್ನ ತುಟಿಗಿಂತ ಆ ಡಬ್ಬಿಯೇ ವಾಸಿ ಅನ್ನಿ, ಬುದ್ಧೀ,” ಅಂತ ಅವರ ಬೆನ್ನಿಗೆ ಅಂದ.