ಎರಡು ಪೆಟ್ಟಿಗೆಗಳ ನಡುವೆ

ಹೊಳೆದಂಡೆಯ ಮಠದಲ್ಲಿ ಹಾಡು ರೆಕಾರ್ಡ್ ಮಾಡುವ ಒಂದು ಕೋಣೆಯಿತ್ತು. ಅದನ್ನು ನೋಡಿಕೊಳ್ಳುತ್ತಿದ್ದವರು ಮುರಿಗೆಯ್ಯ, ಎಲ್ಲರಿಗೂ ಅಜ್ಜಾರು. ಮಾತು ಕಡಿಮೆ, ಕಿವಿ ಮಾತ್ರ ಬಲು ಚುರುಕು. ಸಿದ್ರಾಮ ಅವರ ಶಿಷ್ಯ.

ಸಿದ್ರಾಮನ ಅಕ್ಕ ನೀಲವ್ವ ತೀರಿಕೊಂಡು ಮೂರು ತಿಂಗಳಾಗಿತ್ತು. ಆ ಕೋಣೆಯಲ್ಲಿ ಆಕೆ ಹಾಡಿದ್ದು ಒಂದೇ ಹಾಡು. ಅದರ ದನಿ, ವಾದ್ಯಗಳನ್ನು ಹದವಾಗಿ ಹೊಂದಿಸಿ ಮಿಕ್ಸ್ ಮಾಡಿ ಕೇಳಿಸುತ್ತೇನೆಂದು ಅವನು ತಾಯಿಗೆ ಮಾತು ಕೊಟ್ಟಿದ್ದ.

ಗುರುಗಳ ಹಳೆಯ ಸ್ಪೀಕರ್‌ಗಳು ಅವನಿಗೆ ಸಪ್ಪೆ ಅನಿಸಿದವು. ಅಂಗಡಿಯಲ್ಲಿ ಎದೆ ನಡುಗಿಸಿದ ದೊಡ್ಡ ಜೋಡಿಯನ್ನೇ ಹೊತ್ತು ತಂದ. ಜಾಗ ಉಳಿಯಲಿ ಅಂತ ಮಠದ ಕೋಣೆಯ ಎರಡು ಮೂಲೆಗೆ ಒತ್ತಿ ಇಟ್ಟ.

ಮೂಲೆ ಸೇರಿದ ಸ್ಪೀಕರ್ ಸುಮ್ಮನಿರುತ್ತದೆಯೇ? ಅಕ್ಕನ ದನಿ ಗುಂಯ್‌ಗುಟ್ಟಿತು. ಅವನು ದನಿಯೇ ದಪ್ಪವೆಂದು ತಿಳಿದು ಅದರ ತಳವನ್ನು, ಅಂದರೆ ಬೇಸನ್ನು, ತೆಗೆದ. ಸಾಲದೆಂದು ಇನ್ನೂ ತೆಗೆದ.

ಮನೆಯಲ್ಲಿ ಹಾಡು ಹಚ್ಚಿದಾಗ ದನಿ ತೆಳ್ಳಗೆ ಕೀರಲಾಗಿ ಬಂತು; ತಾಯಿ ಬಸಲಿಂಗವ್ವ ಅರ್ಧಕ್ಕೇ ಕೈಯೆತ್ತಿದಳು.

"ಇದು ನನ್ನ ಮಗಳಲ್ಲ. ಯಾರನ್ನ ಕರಕೊಂಡು ಬಂದಿ?"

ಆಮೇಲೆ ಆಕೆ ಮಗನ ಮುಖ ನೋಡಲಿಲ್ಲ, ಊಟ ಮುಟ್ಟಲಿಲ್ಲ.

ಪಾಪ, ಸಿದ್ರಾಮ ಓಡಿ ಬಂದು ಗುರುಗಳ ಕಾಲಿಗೆ ಬಿದ್ದ. ಕೇಳಿದ್ದು ಮಾತ್ರ, ಇದಕ್ಕಿಂತ ಒಳ್ಳೆಯ ಸ್ಪೀಕರ್ ಯಾವುದು ಅಂತ. ಬುದ್ಧಿ ನೋಡಿ ಇವನದು.

ಮುರಿಗೆಯ್ಯ ತಮ್ಮ ಹಳೆಯ ಜೋಡಿಯನ್ನು ಗೋಡೆಯಿಂದ ದೂರ, ಕಿವಿಯ ಎತ್ತರಕ್ಕೆ ಇಟ್ಟರು. ನಡುವಿನ ಅಂತರವನ್ನು ಹಗ್ಗದಿಂದ ಅಳೆದರು. ಎರಡರಿಂದಲೂ ಅಷ್ಟೇ ದೂರಕ್ಕೆ ಕುರ್ಚಿ ಹಾಕಿ ಅವನನ್ನು ಕೂರಿಸಿದರು. ಕೈಯಾಡಿಸದ ಮೂಲ ಹಾಡನ್ನು ಹಚ್ಚಿದರು.

ಸುಡುವ ಮಧ್ಯಾಹ್ನ. ಆದರೂ ಸಿದ್ರಾಮನ ಮೈ ತಣ್ಣಗಾಯಿತು.

ದನಿ ಸ್ಪೀಕರ್‌ಗಳಿಂದ ಬರುತ್ತಿರಲಿಲ್ಲ. ಅವೆರಡರ ನಡುವೆ, ಏನೂ ಇಲ್ಲದ ಕಡೆ, ನೀಲವ್ವ ನಿಂತು ಹಾಡುತ್ತಿದ್ದಳು.

ಅವನು ಎದ್ದು ತುಸು ಎಡಕ್ಕೆ ಸರಿದು ಅತ್ತ ನಡೆದ. ದನಿ ಸರಕ್ಕನೆ ಎಡಗಡೆಯ ಸ್ಪೀಕರ್ ಪೆಟ್ಟಿಗೆಯೊಳಗೆ ಸೇರಿಕೊಂಡಿತು. ಹೆದರಿ ಮತ್ತೆ ಕೂತ. ಅಕ್ಕ ನಡುವಿಗೆ ಬಂದಳು.

"ಅಲ್ಲಿ ಯಾರೂ ಇಲ್ಲಲ್ರೀ ಅಜ್ಜಾರ."

"ಎರಡೂ ಪೆಟ್ಟಿಗಿ ಒಂದೇ ಮಾತು ಹೇಳಿದ್ರ ದನಿ ನಡುವ ನಿಲ್ಲತದ. ನೀ ನಿನ್ನ ಜಾಗಾದಾಗ ಕುಂಡ್ರು."

ಅಲ್ಲೇ ಕೂತು ಅವನು ಹಾಡನ್ನು ಮೊದಲಿನಿಂದ ಮಿಕ್ಸ್ ಮಾಡಿದ. ಈ ಸಲ ಅಕ್ಕನ ದನಿಯಿಂದ ಏನನ್ನೂ ತೆಗೆಯಲಿಲ್ಲ.

ಮರುದಿನ ತಾಯಿಯನ್ನು ಬೇಡಿಕೊಂಡು ಕರೆತಂದು ಅದೇ ಕುರ್ಚಿಯಲ್ಲಿ ಕೂರಿಸಿದ. ಹಾಡು ಶುರುವಾದದ್ದೇ ಬಸಲಿಂಗವ್ವನ ಕಣ್ಣು ಆ ಖಾಲಿ ಜಾಗದಲ್ಲಿ ನೆಟ್ಟಿತು.

"ನೀಲಾ," ಅಂದಳು. "ಎಷ್ಟೊತ್ತು ನಿಂದರ್ತೀ, ಕುಂಡ್ರವಾ."

ಸಿದ್ರಾಮನಿಗೆ ಅಳು ಒತ್ತರಿಸಿ ಬಂತು.

ಹಾಡು ಮುಗಿಯಿತು. ಸ್ಪೀಕರ್‌ಗಳಲ್ಲಿ ಉಸಿರಿನಂಥ ಸಣ್ಣ ಸುಯ್ ಸದ್ದು ಮಾತ್ರ ಉಳಿಯಿತು. ತಾಯಿ ಏಳಲಿಲ್ಲ. ತೊಡೆಯ ಮೇಲೆ ಆಕೆಯ ಕೈ ಇನ್ನೂ ತಾಳ ಹಾಕುತ್ತಲೇ ಇತ್ತು.

ಸಿದ್ರಾಮ ಗಾಬರಿಯಿಂದ ಆ ಸದ್ದು ಆರಿಸಲು ಸ್ವಿಚ್ಚಿಗೆ ಕೈ ಚಾಚಿದ. ಮುರಿಗೆಯ್ಯ ಆ ಕೈ ಹಿಡಿದುಕೊಂಡರು.

"ತಡಿ. ನೀಲವ್ವ ಉಸಿರು ತಗೊಳ್ಳಾಕತ್ತಾಳ."