ಭೈರವಿಯ ಕೊರಳಪಟ್ಟಿ

ಸೇವೆಯ ವಯಸ್ಸು ಮುಗಿಯಿತೆಂದು ಭೈರವಿ ಎಂಬ ಪೊಲೀಸ್ ನಾಯಿಗೆ ಸೇವಂತಿಗೆ ಹಾರ ಹಾಕಿ ಬೀಳ್ಕೊಟ್ಟರು. ಆದರೆ ಇಲಾಖೆಯ ಕೊರಳಪಟ್ಟಿ ಬಿಚ್ಚಲು ಅವಳು ಯಾರನ್ನೂ ಹತ್ತಿರ ಬಿಡಲಿಲ್ಲ. ಎಳೆಬಿಸಿಲಿಗೆ ಮೈಚಾಚಿ ನಿದ್ದೆಹೋದಳು. ಕನಸಿನಲ್ಲಿ ಕಳ್ಳನೊಬ್ಬ ಮೋಡಗಳ ಮೇಲೆ ಓಡುತ್ತಿದ್ದ. ಅವನ ಬೆವರಿನ ವಾಸನೆ ಹಿಡಿದು ಅವಳು ತೇಲುತ್ತ ತೇಲುತ್ತ ಬೆನ್ನಟ್ಟಿದಳು.

ಎಚ್ಚರವಾದದ್ದೇ, "ನಿಯಮಕ್ಕೆ ನನ್ನ ವಯಸ್ಸು ಗೊತ್ತು, ಮೂಗು ಗೊತ್ತಿಲ್ಲ. ಹರದಾರಿ ದೂರದ ಕಳ್ಳನನ್ನೂ ಹಿಡಿದೇನು!" ಎಂದು ಗುಡುಗಿದಳು.

"ಹಿಡಿಯುವಿರಿ, ಮೇಡಂ," ಎಂದಿತು ಹಿಂದಿನಿಂದ ಒಂದು ದನಿ. ಹೊಸದಾಗಿ ಸೇರಿದ್ದ ಚುಕ್ಕಿ ನಾಯಿ. "ಆದರೆ ನಾನು ಆಗಿನಿಂದ ನಿಮ್ಮ ಬೆನ್ನ ಹಿಂದೆಯೇ ಕೂತಿದ್ದೇನೆ."

ಭೈರವಿ ಗಾಳಿಯನ್ನು ಮೂಸಿದಳು. ಮತ್ತೆ ಮೂಸಿದಳು. ಕೊರಳಲ್ಲಿದ್ದ ಸೇವಂತಿಗೆಯ ವಾಸನೆಯೂ ಬರಲಿಲ್ಲ. ಮೆಲ್ಲಗೆ ಕೊರಳು ಚಾಚಿದಳು.

"ಪಟ್ಟಿ ಬಿಚ್ಚು, ಮಗಳೇ. ಕಳ್ಳನ ಬಾಯಲ್ಲಿ ಕೇಳಬೇಕಾಗಿದ್ದ ಮಾತನ್ನು ನಿನ್ನ ಬಾಯಲ್ಲಿ ಕೇಳಿದೆನಲ್ಲ, ಅಷ್ಟು ಸಾಕು."