ಕೆಂಚಿಯ ಪೀಪಿ ಮತ್ತು ಹಳ್ಳದ ಹಕ್ಕಿ

ಇದು ನಡೆದದ್ದು ಲೋಕ ಹೊಸದಾಗಿದ್ದಾಗ, ಮೊಟ್ಟಮೊದಲ ಮಳೆಗಾಲ ಅರ್ಧ ಕಳೆದ ಮೇಲೆ.

ಆಗ ಬೆಟ್ಟಗಳು ಇನ್ನೂ ಬೆಚ್ಚಗಿದ್ದವು. ಎಲ್ಲಿ ಮಲಗಬೇಕೆಂದು ಮಂಜಿಗೆ ಗೊತ್ತಿರಲಿಲ್ಲ, ನಿದ್ದೆ ಬಂದ ಕಡೆ ಮಲಗುತ್ತಿತ್ತು. ಹಳ್ಳ ಆಗಷ್ಟೇ ಬಂಡೆಯಿಂದ ಧುಮುಕುವುದನ್ನು ಕಲಿತಿತ್ತು. ಕಲಿತ ಖುಷಿಗೆ ಹಗಲೆಲ್ಲ ಧೋ, ಇರುಳೆಲ್ಲ ಧೋ.

ಹಳ್ಳದ ದಡದಲ್ಲಿ ಕೆಂಚಿ ಎಂಬವಳಿದ್ದಳು. ತಾಮ್ರದ ಪಾತ್ರೆಗಳಿಗೆ ಕಲಾಯಿ ಹಾಕುವುದು ಅವಳ ಕಸುಬು. ಪಾತ್ರೆ ಕಾಯಿಸಿ, ತವರ ಸವರಿ, ಅರಳೆಯಿಂದ ಉಜ್ಜುತ್ತಿದ್ದಳು. ಪಾತ್ರೆಯೊಳಗೆ ಬೆಳದಿಂಗಳು ಬಂದು ಕೂರುತ್ತಿತ್ತು. ಆಮೇಲೆ ಅದರಲ್ಲಿ ಹುಳಿ ಬೇಯಿಸಿದರೂ ಕಿಲುಬು ಏಳುತ್ತಿರಲಿಲ್ಲ.

ಉಳಿದ ತವರದ ಚೂರನ್ನು ಕೆಂಚಿ ಎಸೆಯುತ್ತಿರಲಿಲ್ಲ. ತೆಳ್ಳಗೆ ಬಡಿದು ತಗಡು ಮಾಡಿ, ಕಡ್ಡಿಗೆ ಸುತ್ತಿ, ಪೀಪಿ ಮಾಡುತ್ತಿದ್ದಳು. ಯಾರೂ ಕೇಳಿರಲಿಲ್ಲ. ಯಾರಿಗೂ ಬೇಕಿರಲಿಲ್ಲ. ಅವಳಿಗೆ ಇಷ್ಟವಿತ್ತು, ಅಷ್ಟೆ.

ಮೊದಲ ಪೀಪಿ ಉಸ್ ಎಂದಿತು. ಎರಡನೆಯದು ಅದನ್ನೂ ಅನ್ನಲಿಲ್ಲ. ಮೂರನೆಯದರ ಬಾಯಿಗೆ ಮರದ ಬೆಣೆ ಇಟ್ಟು, ಉಸಿರು ನುಸುಳಲು ಗರಿಕೆಯಷ್ಟು ಸಂದು ಬಿಟ್ಟಳು. ಆಗ ಪೀಪಿ ಹಾಡಿತು.

ಬೆರಳು ಸಲೀಸಾಗಿ ಕೂರುವ ಕಡೆ ತೂತು ಕೊರೆದಳು. ಸ್ವರಗಳು ಜಗಳವಾಡಿದವರಂತೆ ಮುಖ ತಿರುಗಿಸಿಕೊಂಡವು. ಮುಂದಿನ ಪೀಪಿಗೆ ಸಣ್ಣ ತೂತು ಕೊರೆದು, ಊದಿ ನೋಡಿ, ಅರದಿಂದ ಉಜ್ಜಿ ತುಸು ಹಿಗ್ಗಿಸಿದಳು. ಮತ್ತೆ ಊದಿದಳು. ಮತ್ತೆ ತುಸು ಹಿಗ್ಗಿಸಿದಳು. ತೂತು ಹಿಗ್ಗಿದಂತೆ ಸ್ವರ ಮೇಲೇರುತ್ತದೆ. ಹಿಗ್ಗಿದ ತೂತು ಕುಗ್ಗುವುದಿಲ್ಲ. ಇಷ್ಟು ತಿಳಿಯುವ ಹೊತ್ತಿಗೆ ಒಂದು ಬುಟ್ಟಿ ಪೀಪಿ ಕೆಟ್ಟಿದ್ದವು.

ಪೀಪಿ ಮಾಡಲು ಬಂತು. ಊದಲು ಬರಲಿಲ್ಲ. ಉಸಿರು ತುಸು ಹೆಚ್ಚಾದರೂ ಸ್ವರ ಕೈತಪ್ಪಿ ಅಟ್ಟ ಹತ್ತಿ ಕೀರಲಿಡುತ್ತಿತ್ತು.

ಪಕ್ಕದ ಮನೆ ಅವಳ ಅಕ್ಕ ಗಿರಿಯವ್ವನದು. ಕೀರಲು ಕೇಳಿದಾಗಲೆಲ್ಲ ಅವಳು ಬೇಲಿಯ ಮೇಲೆ ತಲೆ ಹಾಕುತ್ತಿದ್ದಳು.

“ಏನೇ ಕೆಂಚಿ, ಹಂದಿಮರಿ ಸಾಕಿದ್ದೀಯಾ?”

“ಇಲ್ಲಕ್ಕ, ಊದೋದು ಕಲೀತಿದ್ದೀನಿ.”

“ಹಂದಿಮರಿಯಾಗಿದ್ದರೆ ಇಷ್ಟು ಹೊತ್ತಿಗೆ ಕಲಿತು ಮುಗಿಸಿರೋದು.”

ಕೆಂಚಿಗೆ ನಾಚಿಕೆಯಾಯಿತು. ಆರಿದ ಒಲೆಯ ಮುಂದೆ ಕೂತು, ಎದುರಿನ ಬೂದಿ ಅಲುಗದಷ್ಟು ಮೆಲ್ಲಗೆ ಊದುವುದನ್ನು ಅಭ್ಯಾಸ ಮಾಡಿದಳು. ಸ್ವರ ಏರಿತು, ಇಳಿಯಿತು, ದಾರಿ ತಪ್ಪಿತು, ನಿಂತಿತು. ಮತ್ತೆ ಮೊದಲಿನಿಂದ. ಬೂದಿ ಅಲುಗಲಿಲ್ಲ. ಕೀರಲು ನಿಂತಿತು.

ಕೇಳುವ ಜೀವ ಒಂದಿತ್ತು. ಹಳ್ಳದ ಬಂಡೆಯ ಸಂದಿನಲ್ಲಿ ಗೂಡು ಕಟ್ಟಿದ್ದ ಕಪ್ಪು ಹಕ್ಕಿ. ಲೋಕದಲ್ಲಿ ಹಾಡು ಹಂಚಿದ ದಿನ ಅದು ಮೊಟ್ಟೆಗೆ ಕಾವು ಕೊಡುತ್ತ ಕೂತಿತ್ತು, ಹೋಗಲಿಲ್ಲ. ಕೊನೆಗೆ ಉಳಿದ ಒಂದು ದಪ್ಪ ‘ಕುಕ್’ ಅದರ ಪಾಲಿಗೆ ಬಂತು. ಅದು ದಿನವೂ ಬಂದು ಕೆಂಚಿಯ ಮಾಡಿನ ಮೇಲೆ ಕೂರುತ್ತಿತ್ತು. ಚೆನ್ನಾಗಿದೆ ಎನ್ನಲಿಲ್ಲ, ಕೆಟ್ಟದಾಗಿದೆ ಎನ್ನಲಿಲ್ಲ. ಕತ್ತು ಓರೆ ಮಾಡಿ ಕೇಳುತ್ತಿತ್ತು.

ಒಂದು ಬೆಳಿಗ್ಗೆ ಮಂಜು ಹಳ್ಳದ ಮೇಲೆಯೇ ಮಲಗಿತು. ತನ್ನ ಕೈ ತನಗೆ ಕಾಣದಷ್ಟು ಮಂಜು. ಹಕ್ಕಿ ಕೆಂಚಿಯ ಹೊಸ್ತಿಲಿಗೇ ಬಂದು ಇಳಿಯಿತು.

“ಕೆಂಚಕ್ಕ, ಮರಿಗಳು ಇವತ್ತು ಮೊದಲ ಸಲ ಹಾರಿದವು. ಆಗಿನಿಂದ ಎಣಿಸ್ತಿದ್ದೀನಿ. ಎರಡೇ ಸಿಗ್ತಿವೆ.”

ಮೂರನೆಯದು ಎಲ್ಲಿದೆ ಎಂದು ಗಾಳಿ ಹೇಳಿತು. ಅದು ಈಗಷ್ಟೇ ಆ ಕಡೆಯಿಂದ ಬಂದಿತ್ತು. ಮರಿ ಹಳ್ಳದ ನಡುಬಂಡೆಯ ಮೇಲೆ ಕೂತಿದೆ, ದಡ ಯಾವ ಕಡೆಯೆಂದು ಅದಕ್ಕೆ ಕಾಣುತ್ತಿಲ್ಲ, ಬೆಟ್ಟದ ಮೇಲೆ ಮಳೆಯಾಗಿ ನೀರು ಏರುತ್ತಿದೆ, ಆಗಲೇ ಅದರ ಉಗುರು ಒದ್ದೆಯಾಗಿದೆ.

ಕೆಂಚಿ ಪೀಪಿ ಹಿಡಿದು ದಡಕ್ಕೆ ಓಡಿದಳು. ಹಕ್ಕಿ ಕುಕ್ ಎಂದಿತು, ಮತ್ತೆ ಕುಕ್ ಎಂದಿತು. ಹಳ್ಳದ ಧೋ ಅದನ್ನು ನುಂಗಿತು. ಒಂದು ಗಳಿಗೆ ಸುಮ್ಮನಿರು ಎಂದು ಕೆಂಚಿ ಹಳ್ಳವನ್ನು ಬೇಡಿಕೊಂಡಳು.

“ಸುಮ್ಮನಾಗಬೇಕಾದರೆ ನಿಲ್ಲಬೇಕು ತಾಯಿ,” ಎಂದಿತು ಹಳ್ಳ. “ನಿಂತರೆ ಹಿಂದಿನ ನೀರೆಲ್ಲ ಇಲ್ಲೇ ತುಂಬುತ್ತದೆ. ಮರಿ ಈಗಲೇ ಮುಳುಗುತ್ತದೆ.”

ನೀನಾದರೂ ಕೂಗನ್ನು ಒಯ್ದು ಮುಟ್ಟಿಸು ಎಂದು ಗಾಳಿಯನ್ನು ಕೇಳಿದಳು. ಗಾಳಿ ಒಲ್ಲೆ ಎನ್ನಲಿಲ್ಲ. ಆದರೆ ಹಕ್ಕಿಯ ಕೂಗೂ ದಪ್ಪ, ನೀರಿನ ಸದ್ದೂ ದಪ್ಪ, ಎರಡೂ ಕಲಸಿಹೋಗುತ್ತವೆ, ಯಾವುದು ಯಾವುದೆಂದು ಆರಿಸಲಾಗುವುದಿಲ್ಲ ಎಂದಿತು.

“ತೆಳ್ಳಗಿನದು ಏನಾದರೂ ಕೊಡು. ನೀರಿನ ಬಳಿ ಇಲ್ಲದ್ದು.”

ಕೆಂಚಿ ಪೀಪಿ ತುಟಿಗಿಟ್ಟು ಊದಿದಳು. ಮೆಲ್ಲಗೆ, ಬೂದಿ ಅಲುಗದ ಹಾಗೆ, ಕಷ್ಟಪಟ್ಟು ಕಲಿತ ಹಾಗೆ. ಒಂದೊಂದು ಸ್ವರವೂ ದುಂಡಗೆ ಬಂತು. ಹಳ್ಳ ಒಂದೊಂದನ್ನೂ ಕುಡಿಯಿತು.

“ಹೊಟ್ಟೆಯವರೆಗೆ ಬಂತು ನೀರು,” ಎಂದಿತು ಗಾಳಿ.

ಆಗ ಕೆಂಚಿಗೆ ಆ ಕೀರಲು ನೆನಪಾಯಿತು. ತಾನೇ ಅಟ್ಟದಿಂದ ಇಳಿಸಿ ಓಡಿಸಿದ್ದ ಕೀರಲು. ಹಿಂದೆ ತಿರುಗಿ ನೋಡಿದಳು. ಗಿರಿಯವ್ವ ಕೊಡ ಹಿಡಿದು ನಿಂತಿದ್ದಳು. ಕೆಂಚಿಯ ಕಿವಿ ಬಿಸಿಯಾಯಿತು. ಆದರೂ ಕಣ್ಣು ಮುಚ್ಚಿ, ಎದೆ ತುಂಬ ಉಸಿರೆಳೆದು, ಇದ್ದಷ್ಟನ್ನೂ ಒಂದೇ ಸಲಕ್ಕೆ ಊದಿದಳು.

ಪೀಪಿ ಕೀರಲಿಟ್ಟಿತು. ಸೂಜಿಯಂತೆ ತೆಳ್ಳಗೆ, ಸೂಜಿಯಂತೆ ಚೂಪಾಗಿ.

ಗಿರಿಯವ್ವ ಕೊಡ ಕೆಳಗಿಟ್ಟಳು. ಈ ಸಲ ನಗಲಿಲ್ಲ.

“ಇನ್ನೂ ಜೋರಾಗಿ ಊದೇ ಕೆಂಚಿ,” ಎಂದಳು.

ಕೆಂಚಿ ಇನ್ನೂ ಜೋರಾಗಿ ಊದಿದಳು. ಗಾಳಿ ಆ ಸದ್ದನ್ನು ನೂಲಿನ ಎಳೆಯ ಹಾಗೆ ಎತ್ತಿಕೊಂಡಿತು. ಮಂಜಿನೊಳಗೆ ಪೋಣಿಸಿತು. ನೀರಿನ ಮೇಲೆ ಹಾಯಿಸಿ, ನಡುಬಂಡೆಯವರೆಗೆ ಎಳೆಯಿತು. ನಿದ್ದೆಯಲ್ಲಿದ್ದ ಮಂಜು ಮಗ್ಗುಲು ಬದಲಿಸಿತು.

ಮರಿ ತಲೆ ಎತ್ತಿತು. ಈ ಕೀರಲು ಅದಕ್ಕೆ ಗೊತ್ತಿತ್ತು, ಮೊಟ್ಟೆಯೊಳಗಿದ್ದಾಗ ದಿನವೂ ಕೇಳಿತ್ತು. ಒದ್ದೆ ರೆಕ್ಕೆ ಕೊಡವಿ, ಆ ಎಳೆಯ ಗುಂಟ ಹಾರಿತು. ಒಂದು ಸಲ ತಗ್ಗಿತು. ಮತ್ತೆ ಏರಿತು. ಬಂದು ಕೆಂಚಿಯ ಸೆರಗಿನ ಮೇಲೆ ಬಿದ್ದಿತು.

ಹಿಂದೆಯೇ ನೀರು ನಡುಬಂಡೆಯನ್ನು ಮುಚ್ಚಿತು.

ಕೆಂಚಿ ತಾಯಿಹಕ್ಕಿಯ ಮೈ ಸವರಿದಳು. ಅವಳ ಕೈಗೆ ಕಲಾಯಿಯ ಹೊಳಪು ಮೆತ್ತಿತ್ತು. ಸವರಿದ ಕಡೆ, ಹಣೆಯ ಮೇಲೆ ಮತ್ತು ಭುಜದ ಮೇಲೆ, ನೀಲಿಯಾಗಿ ಮಿನುಗಿ ಅಲ್ಲಿಯೇ ಉಳಿಯಿತು.

“ನನಗೂ ಕಲಿಸು ಕೆಂಚಕ್ಕ,” ಎಂದಿತು ಹಕ್ಕಿ.

ಪೀಪಿ ಹಿಡಿಯಲು ಅದಕ್ಕೆ ಬೆರಳಿರಲಿಲ್ಲ, ಹಾಗಾಗಿ ಕೊರಳಲ್ಲೇ ಕಲಿಯಿತು. ಆದರೆ ಕೆಂಚಿಗೆ ಆಗ ಒಂದು ಹಾಡೂ ಪೂರ್ತಿ ಬರುತ್ತಿರಲಿಲ್ಲ. ಏರುವುದು, ಇಳಿಯುವುದು, ದಾರಿ ತಪ್ಪುವುದು, ನಿಲ್ಲುವುದು, ಮತ್ತೆ ಮೊದಲಿನಿಂದ. ಅವಳ ಅಭ್ಯಾಸವನ್ನೇ ಹಕ್ಕಿ ಹಾಡೆಂದುಕೊಂಡು ಹಾಗೆಯೇ ಕಲಿತುಬಿಟ್ಟಿತು.

ಕೆಂಚಿ ಆಮೇಲೆ ಎಷ್ಟೋ ಹಾಡು ಕಲಿತಳು. ಗಿರಿಯವ್ವನೂ ಒಂದು ಪೀಪಿ ಇಸಿದುಕೊಂಡಳು. ಹಂದಿಮರಿಯ ಮಾತು ಈಗ ಬೇಲಿಯ ಈ ಕಡೆಯಿಂದ ಆ ಕಡೆಗೆ ಹೋಗತೊಡಗಿತು. ಹಕ್ಕಿ ಮಾತ್ರ ಮೊದಲು ಕಲಿತದ್ದನ್ನು ಬಿಡಲಿಲ್ಲ. ಅದಕ್ಕೆ ಬೇಕಾಗಿದ್ದದ್ದು ಅಷ್ಟೇ.

ಈಗಲೂ ಮಳೆಗಾಲದ ಬೆಳಿಗ್ಗೆ, ಧೋ ಎನ್ನುವ ಹಳ್ಳದ ಬಳಿ, ಯಾರೋ ಪೀಪಿ ಕಲಿಯುತ್ತಿರುವಂತೆ ತೆಳ್ಳಗೆ ಸಿಳ್ಳೆ ಕೇಳಿದರೆ, ಅದು ಸಿಳ್ಳಾರ ಹಕ್ಕಿ. ಮಂಜಿನೊಳಗೆ ಅದು ಮರಿಗಳನ್ನು ಕರೆಯುತ್ತಿರುತ್ತದೆ. ಎಲ್ಲವೂ ಬಂದು ಸೇರುವವರೆಗೆ ಹಾಡು ಅಲೆಯುತ್ತದೆ. ಆಮೇಲೆ ನಡುವಿನಲ್ಲೇ ನಿಂತುಹೋಗುತ್ತದೆ. ಆಗ ಅದು ಎಣಿಸುತ್ತಿರುತ್ತದೆ.

ಮೂರು.